ಉಸಿರು ಹುಡುಕುವ ಕೋಲು

ಈ ಶ್ರಾವಣದಲ್ಲಿ ಮಲಪ್ರಭೆ ಮತ್ತೆ ಕೊಣ್ಣೂರಿನ ಸೇತುವೆಯ ಮೇಲೆ ಹತ್ತಿ ಕುಳಿತಳು. ಪೊಲೀಸರು ಬ್ಯಾರಿಕೇಡ್ ಅಡ್ಡ ಇಟ್ಟು ಕೈ ತೊಳೆದುಕೊಂಡರು. ರೋಣದ ಮಾರುಕಟ್ಟೆಯಲ್ಲಿ ಕಡಲೆ ಹೇರಿಕೊಂಡು ಸೊಲ್ಲಾಪುರದ ಬೇಳೆ ಗಿರಣಿಗೆ ಹೊರಟಿದ್ದ ನಾನು ಬೆಳಗಿನಿಂದ ಸಾಲಿನಲ್ಲಿ ನಿಂತಿದ್ದೆ. ಮುಂದೆ ಸಿಮೆಂಟಿನ ಲಾರಿ, ಹಿಂದೆ ಬಸ್ಸು, ಮೇಲೆ ಜಿಟಿಜಿಟಿ ಮಳೆ. ಮುಂದಿನ ಲಾರಿಯ ಕಿಟಕಿಯಿಂದ ಒಂದು ಕೈ ಹೊರಗೆ ಬಂತು. ಕೈಯಲ್ಲಿ ನೀರಿನ ಬಾಟಲಿ, ಒಳಗೆ ಹಳದಿ. ಆ ಮಹಾನುಭಾವ ಅದನ್ನು ಹಿಂದೆ ಮುಂದೆ ನೋಡದೆ ಎಸೆದ. ಅದು ನನ್ನ ಮುಂದಿನ ಗಾಲಿಯ ಹತ್ತಿರ ಬಿದ್ದು, ಮುಚ್ಚಳ ಹಾರಿ, ಚೆಲ್ಲಿತು. ನನ್ನ ಕಿಟಕಿ ತೆರೆದೇ ಇತ್ತು. ನಾತ ಮೂಗಿಗೆ ಹೊಡೆದದ್ದೇ ತಡ, ನನಗೆ ಇಟಲಿ ನೆನಪಾಯಿತು.

ನಗಬೇಡಿ, ನಿಜವನ್ನೇ ಹೇಳುತ್ತಿದ್ದೇನೆ. ನಮ್ಮ ಯಾವಗಲ್ಲಿನಲ್ಲಿ ಇವತ್ತಿಗೂ ಯಾರಾದರೂ ಸಿಕ್ಕರೆ, “ಈರಪ್ಪ, ಇಟಲಿ ಹ್ಯಾಂಗಿತ್ತೋ? ಲಂಡನ್ ಭಾಳ ಚಲೋ ಐತಂತಲ್ಲ?” ಎಂದು ಕೇಳುತ್ತಾರೆ. ಕೇಳುವಾಗ ಅವರ ಕಣ್ಣಲ್ಲಿ ಹಿಮದ ಬೆಟ್ಟ, ಗಡಿಯಾರದ ಗೋಪುರ ಎಲ್ಲ ಇರುತ್ತವೆ. ನಾನು ಲಂಡನ್ ನೋಡಿಲ್ಲ. ಅದರ ಹೊರಗಿನ ಸುತ್ತು ರಸ್ತೆಯಲ್ಲಿ ವಾಹನಗಳ ನಡುವೆ ಸಿಕ್ಕಿಕೊಂಡು ನಿಂತಿದ್ದೇನೆ, ಅಷ್ಟೇ. ರೋಮಿನ ಹೆಸರನ್ನು ಹಸಿರು ಬೋರ್ಡಿನ ಮೇಲೆ ಓದಿದ್ದೇನೆ. ನಾನು ಕಂಡ ಇಟಲಿ ಎಂದರೆ ಟೊಮೇಟೊವನ್ನು ಡಬ್ಬಿಗೆ ತುಂಬುವ ಕಾರ್ಖಾನೆಯ ಹಿಂಬಾಗಿಲು. ನಾನು ಕಂಡ ಬ್ರಿಟನ್ ಎಂದರೆ ಕಿಟಕಿಯೇ ಇಲ್ಲದ ಗೋದಾಮಿನ ಹಿಂಬಾಗಿಲು. ಇವೆರಡರ ನಡುವೆ ಉದ್ದಕ್ಕೂ ಮೂತ್ರದ ನಾತ. ಹೀಗೆಂದರೆ ಕೇಳಿದವರು ಮುಖ ಸಿಂಡರಿಸಿಕೊಂಡು ಹೋಗುತ್ತಾರೆ. ವಿದೇಶಕ್ಕೆ ಹೋಗಿ ಬಂದವನಿಗೆ ಸೊಕ್ಕು ಬಂದಿದೆ ಎನ್ನುತ್ತಾರೆ.

ನಾನು ಹೋದದ್ದು ಗಜೇಂದ್ರಗಡದ ಸಂಗಪ್ಪನ ಜೊತೆ. ಸಂಗಪ್ಪ ನನಗಿಂತ ಹಿರಿಯ, ನನಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವನು. ನಾನು ಅವನನ್ನು ಸಂಗಣ್ಣ ಎಂದೇ ಕರೆಯುತ್ತಿದ್ದೆ. ಹರೆಯವನ್ನೆಲ್ಲ ಕಂಡವರ ಲಾರಿ ಓಡಿಸುವುದರಲ್ಲಿ ಕಳೆದು ಅವನಿಗೆ ರೋಸಿ ಹೋಗಿತ್ತು. ಸಾಯುವುದರೊಳಗೆ ಸ್ವಂತದ್ದೊಂದು ಲಾರಿ ಮಾಡಬೇಕು, ಇದೊಂದೇ ಅವನ ಹಂಬಲ. ಆ ಲಾರಿ ಅವನ ತಲೆಯಲ್ಲಿ ಆಗಲೇ ತಯಾರಾಗಿ ನಿಂತಿತ್ತು. ಹಣೆಯ ಮೇಲೆ ‘ಶ್ರೀ ಕಾಲಕಾಲೇಶ್ವರ ಪ್ರಸನ್ನ’, ಬಾಗಿಲ ಮೇಲೆ ಮಗಳ ಹೆಸರು, ಹಿಂದೆ ಜೋಡಿ ನವಿಲು. ಬರೆಯುವ ಪೇಂಟರನಿಗೂ ಹೇಳಿಟ್ಟು ಬಂದಿದ್ದ. ಹುಬ್ಬಳ್ಳಿಯ ಏಜೆಂಟನೊಬ್ಬ ಯುರೋಪಿನ ಮೂಲೆಯ ಒಂದು ಚಳಿ ದೇಶದ ಕಂಪನಿಗೆ ಡ್ರೈವರುಗಳನ್ನು ಕಳಿಸುತ್ತಾನೆಂದು ಗೊತ್ತಾದಾಗ ಸಂಗಣ್ಣ ನನ್ನನ್ನೂ ಎಳೆದುಕೊಂಡು ಹೋದ. “ಒಂದ ವರ್ಷ ಕಣ್ಣ ಮುಚ್ಚಿ ದುಡಿಯೋದೋ ಈರ್ಯಾ. ಊರಿಗಿ ಬಂದ ಮ್ಯಾಲ ನನ್ನ ಗಾಡಿ ನಂದ,” ಎಂದ. ಅಲ್ಲಿಯ ಜನರೇ ಮಾಡಲೊಲ್ಲದ ಕೆಲಸಕ್ಕೆ ನಮ್ಮನ್ನು ಕರೆಯುತ್ತಿದ್ದಾರೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಮುಚ್ಚಬೇಕಾದದ್ದು ಕಣ್ಣಲ್ಲ, ಮೂಗು ಎಂಬುದಂತೂ ಹೋದ ಮೇಲೆ ತಿಳಿಯಿತು.

ಇಟಲಿಯ ಸರಕನ್ನು ಬ್ರಿಟನ್ನಿಗೆ ಮುಟ್ಟಿಸುವ ಕೆಲಸ, ಒಂದು ಲಾರಿಗೆ ಇಬ್ಬರು ಡ್ರೈವರು. ಒಬ್ಬ ಓಡಿಸುವಾಗ ಇನ್ನೊಬ್ಬ ವಿಶ್ರಾಂತಿ ಮಾಡಬೇಕು. ಗಾಡಿ ನಿಲ್ಲಬಾರದು, ಅದು ಕಂಪನಿಯ ಲೆಕ್ಕಾಚಾರ. ಆ ಕ್ಯಾಬಿನ್ನೇ ನಮ್ಮ ಅಡಿಗೆಮನೆ, ಹಾಸಿಗೆ, ದೇವರ ಜಗುಲಿ, ಎಲ್ಲ. ಕಿಟಕಿ ತೆರೆದರೆ ಚಳಿ ಎಲುಬಿಗೆ ಇಳಿಯುತ್ತದೆ, ಮುಚ್ಚಿದರೆ ಇಬ್ಬರ ಕಾಲುಚೀಲದ ವಾಸನೆಗೆ ತಲೆ ತಿರುಗುತ್ತದೆ. ತಿನ್ನಲು ಹತ್ತಿಯನ್ನು ಅದುಮಿಟ್ಟಂತಹ ಬ್ರೆಡ್ಡು. ಗೋದಾಮಿನವರು ಸರಕು ಇಳಿಸಿಕೊಳ್ಳುತ್ತಿದ್ದರು, ಆದರೆ ಒಳಗಿನ ಪಾಯಖಾನೆಗೆ ಬಿಡುತ್ತಿರಲಿಲ್ಲ. ಅದು ಅವರ ನೌಕರರಿಗಂತೆ. ನಮ್ಮ ಕಾಗದವನ್ನು ಕೈಗವಸು ಹಾಕಿಕೊಂಡು, ಬೆರಳ ತುದಿಯಲ್ಲಿ ಹಿಡಿದು ಇಸಿದುಕೊಳ್ಳುತ್ತಿದ್ದರು. ಸಂಗಣ್ಣ ಊರಿನಿಂದ ತಂದ ತಂಬಿಗೆ ಹಿಡಿದು, ಹಿಮದಲ್ಲಿ ಜಾಗ ಹುಡುಕಿಕೊಂಡು, ಹಲ್ಲು ಕಟಕಟಿಸುತ್ತ ಹೋಗುತ್ತಿದ್ದ. “ಇವರ ದೇಶದಾಗ ಎಲ್ಲಾ ಐತಿ, ಕುಂದ್ರಾಕ ಒಂದ್ ಬೇಲಿ ಮರಿ ಇಲ್ಲ ನೋಡು,” ಎಂದು ಬೈಯುತ್ತಿದ್ದ. ಅವನಿಗೆ ಅಲ್ಲಿ ಮನಸ್ಸಿಗೆ ಬಂದದ್ದು ಒಂದೇ, ಇಟಲಿಯ ನಿಂಬೆಹಣ್ಣು. ಪ್ರತಿ ಸಲ ಸರಕು ಹೇರಿದ ಮೇಲೆ ಮುಂದಿನ ಗಾಲಿಗಳ ಕೆಳಗೆ ಒಂದೊಂದು ಇಟ್ಟು, ಕೈ ಮುಗಿದೇ ಗಾಡಿ ಬಿಡುತ್ತಿದ್ದ. ಕಾರ್ಖಾನೆಯ ಇಟಲಿಯವರು ಫೋಟೋ ಹೊಡೆದುಕೊಂಡು ನಗುತ್ತಿದ್ದರು.

ಇಟಲಿಯಿಂದ ಬೆಟ್ಟದ ಸುರಂಗ ದಾಟಿ ಫ್ರಾನ್ಸಿಗೆ ಇಳಿಯಬೇಕು. ಫ್ರಾನ್ಸಿನ ಉದ್ದಕ್ಕೂ ಓಡಿ ಸಮುದ್ರದ ದಂಡೆಯ ಬಂದರು ಸೇರಬೇಕು. ಅಲ್ಲಿ ಲಾರಿ ಹಡಗು ಹತ್ತಿದರೆ ಆಚೆ ದಡ ಬ್ರಿಟನ್. ಕೇಳಲು ಚೆಂದ. ಆದರೆ ಬಂದರಿನ ಮುಂಚಿನ ಇನ್ನೂರು ಕಿಲೋಮೀಟರಿನಲ್ಲಿ ಗಾಡಿ ನಿಲ್ಲಿಸಲೇಬಾರದೆಂದು ಕಂಪನಿಯ ಕಟ್ಟಪ್ಪಣೆ. ಯಾಕೆಂದರೆ ಆ ದಾರಿಯಲ್ಲಿ ಮನುಷ್ಯರಿದ್ದಾರೆ. ಎಲ್ಲೆಲ್ಲಿಯೋ ಯುದ್ಧ, ಹಸಿವು ಬಿಟ್ಟು ಓಡಿಬಂದು, ಬ್ರಿಟನ್ನಿಗೆ ದಾಟಲು ಕಾದಿರುವ ಮನುಷ್ಯರು. ಲಾರಿ ನಿಂತರೆ ತಾಡಪತ್ರಿ ಕೊಯ್ದು ಒಳಗೆ ಸೇರಿಕೊಳ್ಳುತ್ತಾರೆ. ಸಿಕ್ಕಿಬಿದ್ದರೆ ಕಂಪನಿಗೆ ದಂಡ, ಡ್ರೈವರನಿಗೂ ದಂಡ. ಆದ್ದರಿಂದ ಯಾರೂ ನಿಲ್ಲಿಸುವುದಿಲ್ಲ. ಉಚ್ಚೆ ಬಂದರೆ ಬಾಟಲಿ. ಬಾಟಲಿ ತುಂಬಿದರೆ ಕಿಟಕಿಯಿಂದಾಚೆ. ಆ ರಸ್ತೆಯ ಎರಡೂ ಬದಿಗೆ, ಹುಲ್ಲಿನಲ್ಲಿ, ತಂತಿಬೇಲಿಯ ಬುಡದಲ್ಲಿ, ಸಾಲಾಗಿ ಹಳದಿ ಬಾಟಲಿಗಳು ಬಿದ್ದಿರುತ್ತವೆ. ಮನುಷ್ಯರಿಗೆ ಹೆದರಿ ಲೋಕದ ಡ್ರೈವರುಗಳೆಲ್ಲ ಕೂಡಿ ಮಾಡಿದ ಹೇಸಿಗೆ ಅದು. ಆ ದೇಶಗಳ ಸ್ವಚ್ಛತೆಯನ್ನು ಯಾರಾದರೂ ಹೊಗಳಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಬಂದರಿನಲ್ಲಿ ಇನ್ನೊಂದು ವಿಧಿ. ನಾಯಿ ತಂದು ಮೂಸಿಸುತ್ತಾರೆ. ಆಮೇಲೆ ಒಬ್ಬ ಬಂದು ತಾಡಪತ್ರಿಯ ಸಂದಿಯಲ್ಲಿ ಉದ್ದನೆಯ ಸಣ್ಣ ಕೋಲು ತೂರಿಸುತ್ತಾನೆ. ಕೋಲಿಗೆ ಒಂದು ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಗಡಿಯಾರದಂಥ ಮುಳ್ಳು. ಒಳಗೆ ಯಾರಾದರೂ ಉಸಿರಾಡುತ್ತಿದ್ದರೆ ಅದು ಕಂಡುಹಿಡಿಯುತ್ತದೆ. ಮೊದಲ ಸಲ ನೋಡಿದಾಗ ಸಂಗಣ್ಣ ಬಿದ್ದು ಬಿದ್ದು ನಕ್ಕ. “ದನದ ದವಾಖಾನ್ಯಾಗ ಎಮ್ಮಿಗೆ ಜ್ವರ ನೋಡಿದಂಗ ನೋಡ್ತಾನಲ್ಲೋ ಇಂವ!” ಎಂದ. ಕೋಲು ಏನನ್ನು ಹುಡುಕುತ್ತದೆ ಎಂದು ನಾನು ಬಿಡಿಸಿ ಹೇಳಿದಾಗ ಅವನ ನಗು ನಿಂತಿತು. ಹಡಗಿನಲ್ಲಿ ಚಹಾ ಕುಡಿಯುವಾಗ, “ಉಸರ್ ಇಲ್ಲಂತ ಖಾತ್ರಿ ಮಾಡ್ಕೊಂಡ್ ಒಳಗ ಬಿಡ್ತಾರಲ್ಲೋ. ನಮ್ಮ ಕಡಿ ಮಸಣಕ್ಕ ಹಂಗ ಬಿಡ್ತಾರ,” ಎಂದ.

ಅವನು ಹಾಗೆ ಅಂದದ್ದು ಯಾಕೆಂದು ನಮ್ಮ ರಸ್ತೆಗಳನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ನಮ್ಮ ಕಡೆ ಲಾರಿಯೆಂದರೆ ಬರೀ ಸರಕಿನ ಗಾಡಿಯಲ್ಲ. ಬಸ್ಸು ತಪ್ಪಿದವರು ಟ್ರ್ಯಾಕ್ಟರಿಗೋ ಲಾರಿಗೋ ಕೈ ಮಾಡುತ್ತಾರೆ. ಹೆಂಗಸು, ಕೂಸು, ಮಳೆ ಮೂರೂ ಕೂಡಿದರೆ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತದೆ. ಹತ್ತಿದವರು ಇಳಿಯುವಾಗ ಉಡಿಯಲ್ಲಿದ್ದ ಹಸಿ ಶೇಂಗಾವೋ, ಕಡಲೆ ಗಿಡದ ಕಟ್ಟೋ, ಏನಿದೆಯೋ ಅದನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು ಹೋಗುತ್ತಾರೆ. ಅದನ್ನು ಬೇಡ ಎನ್ನುವಂತಿಲ್ಲ. ಸಂಗಣ್ಣ ನನಗೆ ಗೇರು ಹಾಕುವುದಕ್ಕಿಂತ ಮೊದಲು ಕಲಿಸಿದ್ದು ಇದನ್ನೇ.

ಸಂಕ್ರಾಂತಿ ಕಳೆದ ದಿನಗಳು. ಟೊಮೇಟೊ ಡಬ್ಬಿ ಹೇರಿಕೊಂಡು ಬರುತ್ತಿದ್ದೆವು. ಬಂದರು ಹತ್ತಿರವಾದಾಗ ದೊಡ್ಡ ರಸ್ತೆಯಲ್ಲಿ ಅಪಘಾತವಾಗಿ ಪೊಲೀಸರು ಎಲ್ಲ ಗಾಡಿಗಳನ್ನು ಹೊಲಗಳ ನಡುವಿನ ಸಣ್ಣ ರಸ್ತೆಗೆ ತಿರುಗಿಸಿದರು. ಬೇಗ ಕತ್ತಲಾಗುವ ಕಾಲ. ಹಿಮ ಬೆರೆತ ಮಳೆ. ಸಂಗಣ್ಣ ಓಡಿಸುತ್ತಿದ್ದ, ನಾನು ಪಕ್ಕದಲ್ಲಿದ್ದೆ. ಮರವೇ ಇಲ್ಲದ ಬಯಲು, ಕಣ್ಣು ಹರಿದಷ್ಟೂ ಒದ್ದೆಯಾದ ಕಪ್ಪು ಮಣ್ಣು.

“ನೋಡಲೇ, ಥೇಟ್ ನರಗುಂದ ದಾಟಿ ಕೊಣ್ಣೂರಿಗಿ ಹೊಂಟಂಗ ಐತಿ,” ಎಂದ ಸಂಗಣ್ಣ. ಆ ಚಳಿಗಾಲದಲ್ಲಿ ಅವನ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ. ಆ ಮಾತು ಮುಗಿಯುವುದಕ್ಕೂ ತಿರುವಿನಲ್ಲಿ ಒಬ್ಬ ಹೆಂಗಸು ಕಾಣಿಸುವುದಕ್ಕೂ ಸರಿಹೋಯಿತು. ಬಗಲಲ್ಲಿ ಕೂಸು. ಮೈಮೇಲೆ ಗಂಡಸರ ಕೋಟು. ಲಾರಿ ಕಂಡವಳೇ ಕೈ ಮಾಡಿದಳು. ಗಾಡಿ ನಿಂತಿತು. ಸಂಗಣ್ಣ ನಿಲ್ಲಿಸಿದ ಎಂದು ಹೇಳಲೂ ನನಗೆ ಬಾಯಿ ಬರುವುದಿಲ್ಲ, ಅವನ ಕಾಲು ನಿಲ್ಲಿಸಿತು.

“ಸಂಗಣ್ಣಾ, ಏನ್ ಮಾಡಾಕತ್ತೀ? ಬಿಡು, ಗಾಡಿ ಬಿಡು!” ನಾನು ಕಿರುಚಿದೆ.

“ಸುಮ್ನ ಕುಂದರಲೇ. ಮಳಿಯಾಗ ಹೆಣ್ಮಗಳು ಕೈ ಮಾಡ್ಯಾಳ.” ಅವನು ಆಗಲೇ ಬಾಗಿ ಬಾಗಿಲು ತೆರೆದಿದ್ದ. “ಹತ್ತವ್ವಾ, ಹತ್ತು. ಕೂಸಿನ ಇತ್ತಾಗ ಕೊಡು,” ಎಂದು ಶುದ್ಧ ಗಜೇಂದ್ರಗಡದ ಮಾತಿನಲ್ಲಿ ಕರೆದ. ಆಕೆಗೆ ಏನು ತಿಳಿಯಿತೋ, ಕೂಸನ್ನು ನನ್ನ ತೊಡೆಯ ಮೇಲಿಟ್ಟು ಹತ್ತಿದಳು.

ನಮ್ಮ ತಲೆಯ ಮೇಲೆ ಕಂಪನಿಯ ಕ್ಯಾಮೆರಾ ಇತ್ತು. ಕ್ಯಾಬಿನ್ನಿನಲ್ಲಿ ನಾವು ಕೆಮ್ಮಿದರೂ ಅವರಿಗೆ ಕಾಣುತ್ತಿತ್ತು. “ಅದರ ಮ್ಯಾಲ ಟವೆಲ್ಲರ ಹಾಕು ಮಾರಾಯಾ!” ಎಂದೆ. “ಯಾಕ್ ಮುಚ್ಚಬೇಕು? ನಾ ಏನ್ ಕಳುವು ಮಾಡಾಕತ್ತೀನೇನ್?” ಎಂದು ಸಂಗಣ್ಣ ಆ ಟವೆಲ್ಲನ್ನು ಆಕೆಯ ಕೈಗೆ ಕೊಟ್ಟ. ಆಕೆ ಕೂಸಿನ ತಲೆ ಒರೆಸಿದಳು. ಊರಿನಿಂದ ತಂದಿದ್ದ ಕಟಕ ರೊಟ್ಟಿಗೆ ಶೇಂಗಾ ಚಟ್ನಿ ಸವರಿ ಕೊಟ್ಟೆವು. ಕೂಸಿಗೆ ಖಾರ ಹತ್ತಿ ಅತ್ತಿತು, ಅಳುತ್ತಲೇ ಇನ್ನೊಂದು ಚೂರಿಗೆ ಕೈ ಚಾಚಿತು. ನಾನು ಮಾತ್ರ ಕ್ಯಾಮೆರಾ ನೋಡುತ್ತ ಕುಳಿತಿದ್ದೆ. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಸಂಗಣ್ಣ ಆಕೆಗೆ ತನ್ನ ಮಗಳ ಓದು, ಸಾಲಿಯ ಸುದ್ದಿಯನ್ನೆಲ್ಲ ಹೇಳಿದ. ಆಕೆ ಕೈ ತೋರಿಸಿದಲ್ಲಿ, ಮುಂದಿನ ಊರಿನ ಚರ್ಚಿನ ಎದುರು ಗಾಡಿ ನಿಲ್ಲಿಸಿದೆವು. ಆಕೆ ಇಳಿದಳು. ಇಳಿಯುವ ಮೊದಲು ಕೋಟಿನ ಕಿಸೆಯಿಂದ ಎರಡು ಅಕ್ರೋಟು ತೆಗೆದು ಡ್ಯಾಶ್‌ಬೋರ್ಡಿನ ಮೇಲಿಟ್ಟಳು.

“ನೋಡಿದ್ಯಾ?” ಸಂಗಣ್ಣ ಅಕ್ರೋಟು ತೋರಿಸಿದ. “ಎಲ್ಲಿ ಹೋದ್ರೂ ಹೆಣ್ಮಕ್ಳು ಹೆಣ್ಮಕ್ಳ!”

ಬಂದರಿನಲ್ಲಿ ಕೋಲು ತೂರಿಸಿದವನು ಪೆಟ್ಟಿಗೆ ನೋಡಿದ. ಮತ್ತೆ ತೂರಿಸಿದ. ಮತ್ತೆ ನೋಡಿದ. ಆಮೇಲೆ ಕೈಯೆತ್ತಿ ಇನ್ನಿಬ್ಬರನ್ನು ಕರೆದ. ಹಿಂದಿನ ಬಾಗಿಲು ತೆರೆದು ದೀಪ ಬಿಟ್ಟರು. ನಾಯಿ ಬೊಗಳಿತು. ಟೊಮೇಟೊ ಡಬ್ಬಿಗಳ ರಾಶಿಯ ಮೇಲೆ, ತಾಡಪತ್ರಿಗೆ ಅಂಟಿಕೊಂಡು ಮೂವರು ಗಂಡಸರು ಅಂಗಾತ ಮಲಗಿದ್ದರು. ಒಬ್ಬೊಬ್ಬರನ್ನಾಗಿ ಕಾಲು ಹಿಡಿದು ಇಳಿಸಿದರು. ಒದ್ದೆ ಬಟ್ಟೆ, ಬೆವರು, ಹೆದರಿಕೆ ಎಲ್ಲ ಕೂಡಿದ ಒಂದು ನಾತ ಬಂತು. ಕಡೆಗೆ ಇಳಿದವನ ಕೈಯಲ್ಲಿ ಒಂದು ಹಳದಿ ಬಾಟಲಿ ಇತ್ತು. ಒಂದು ಹನಿಯೂ ಸರಕಿನ ಮೇಲೆ ಚೆಲ್ಲದಂತೆ ಮುಚ್ಚಳ ಬಿಗಿದು ಹಿಡಿದುಕೊಂಡಿದ್ದ. ನಾವು ನೋಡುತ್ತಿದ್ದೇವೆಂದು ತಿಳಿದೊಡನೆ ನಾಚಿ ಅದನ್ನು ಅಂಗಿಯೊಳಗೆ ಮುಚ್ಚಿಕೊಂಡ. ಅಧಿಕಾರಿ ಅದನ್ನೂ ಕಿತ್ತು, ಎರಡು ಬೆರಳಲ್ಲಿ ಹಿಡಿದು ಮೂಗು ಮುಚ್ಚಿಕೊಂಡ. ರಸ್ತೆಯ ಉದ್ದಕ್ಕೂ ಎಸೆದು ಬಂದವರು ನಾವು, ಮೂಗು ಮುಚ್ಚಿದ್ದು ಅವನ ಬಾಟಲಿಗೆ. ಇವತ್ತು ಸಿಮೆಂಟಿನ ಲಾರಿಯವನು ಬಾಟಲಿ ಎಸೆದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಮನುಷ್ಯನ ಮುಖ.

ಕಂಪನಿಯ ಆಫೀಸಿನಿಂದ ಫೋನ್ ಬಂದಾಗ ಅವರು ಕ್ಯಾಮೆರಾದಲ್ಲಿ ಎಲ್ಲವನ್ನೂ ನೋಡಿ ಮುಗಿಸಿದ್ದರು. ಗಾಡಿ ನಿಂತದ್ದು, ಹೆಂಗಸು, ಟವೆಲ್ಲು, ರೊಟ್ಟಿ. ಎರಡು ಸಲ ನಿಂತಿದ್ದಕ್ಕೆ ಹಿಂದಿನಿಂದ ಹತ್ತಿದ್ದಾರೆ ಎಂದರು. ಮನುಷ್ಯರನ್ನು ಸಾಗಿಸುವ ದಂಧೆಯೇನು ನಿಮ್ಮದು ಎಂದೂ ಕೇಳಿದರು. ನಾನು ಗೊತ್ತಿದ್ದ ಇಂಗ್ಲಿಷಿನಲ್ಲಿ ಕೈಕಾಲು ಹಿಡಿದೆ. ನಮ್ಮ ಊರಲ್ಲಿ ಹೀಗೆ, ಮಳೆಯಲ್ಲಿ ಕೈ ಮಾಡಿದರೆ ನಿಲ್ಲಿಸುತ್ತೇವೆ ಎಂದೆ. ಆ ಕಡೆಯ ಹುಡುಗಿ ಮೆತ್ತಗೆ, ಬಹಳ ಸಭ್ಯವಾಗಿ, “ಇದು ನಿಮ್ಮ ಊರಲ್ಲ,” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಸಭ್ಯತೆಗೆ ಉಗಿಯಬೇಕೆನಿಸಿತು. ಸಂಗಣ್ಣನ ಪಗಾರ ದಂಡಕ್ಕೆ ಹೋಯಿತು, ಕೆಲಸ ಹೋಯಿತು. ವಾರದೊಳಗೆ ಅವನನ್ನು ಊರಿಗೆ ಕಳಿಸುವುದಾಗಿ ತೀರ್ಮಾನವಾಯಿತು. ಹಣೆಯ ಮೇಲೆ ಕಾಲಕಾಲೇಶ್ವರ, ಹಿಂದೆ ಜೋಡಿ ನವಿಲು ಇದ್ದ ಲಾರಿ ಅಲ್ಲಿಗೇ ಮುಗಿಯಿತು.

ನನಗೆ ಆಕೆಯ ಮೇಲೆ ಕೆಂಡದಂಥ ಸಿಟ್ಟು. “ಆಕಿ ಗಾಳ ಹಾಕ್ಯಾಳ ಸಂಗಣ್ಣ. ನಮ್ಮ ಗಾಡಿ ನಿಲ್ಲಸಾಕಂತನ ಕೂಸಿನ ಹೊತ್ಕೊಂಡ್ ನಿಂತಿದ್ಲು. ನಿನ್ನ ಗಾಡಿ ತಿಂದ್ಲು ಆಕಿ,” ಎಂದೆ. ಕಂಪನಿಯ ಯಾರ್ಡಿನಲ್ಲಿ ಅವನು ಗಂಟು ಕಟ್ಟುತ್ತಿದ್ದ. ಉಳಿದ ರೊಟ್ಟಿ, ಚಟ್ನಿ, ತಂಬಿಗೆಯನ್ನು ನನ್ನ ಹಾಸಿಗೆಯ ಮೇಲಿಟ್ಟ. ಅಕ್ರೋಟು ಎರಡನ್ನೂ ಕಿಸೆಗೆ ಹಾಕಿಕೊಂಡ.

“ಹಾಕಿದ್ರೂ ಹಾಕಿರಬೇಕು,” ಎಂದ. “ಆದ್ರ ಮಳಿ ಖರೇ ಇತ್ತು. ಆಕಿ ಕೈ ಮಾಡಿದ್ದು ಖರೇ ಇತ್ತು. ಕೂಸಿನ ಅಂಗಾಲು ಥಣ್ಣಗಿದ್ದದ್ದು ನಿನ್ನ ತೊಡಿ ಮ್ಯಾಲ ನೀನ ನೋಡೀದಿ. ಉಳಿದದ್ದು ತಗೊಂಡ್ ನಾ ಏನ್ ಮಾಡ್ಲಿ?”

ನಾನು ಬೇರೆ ದೇಶದವನೊಬ್ಬನ ಜೊತೆ ಆ ಚಳಿಗಾಲ ಮುಗಿಸಿ ಬಂದೆ. ನನ್ನ ಭಾಷೆ ಬಾರದ ಆ ಮನುಷ್ಯ, ಅದೇ ಬಾಟಲಿಗಳು, ಅದೇ ಕೋಲು. ಪ್ರತಿ ಸಲ ಮುಳ್ಳು ಅಲ್ಲಾಡದೆ ನಿಂತಾಗ ಅಧಿಕಾರಿ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ. ಉಸಿರಿಲ್ಲ, ಶಾಬಾಸ್. ಆ ಶಾಬಾಸ್‌ಗಿರಿಯಷ್ಟು ಹೊಲಸು ಮೆಚ್ಚಿಗೆಯನ್ನು ನಾನು ಜೀವಮಾನದಲ್ಲಿ ಪಡೆದಿಲ್ಲ. ಸಂಗಣ್ಣ ಈಗ ಗಜೇಂದ್ರಗಡದಲ್ಲಿ ಒಂದು ಖಾಸಗಿ ಸಾಲಿಯ ಮಕ್ಕಳ ವ್ಯಾನ್ ಓಡಿಸುತ್ತಾನೆ. ವ್ಯಾನಿನ ಹಣೆಯ ಮೇಲೆ ಸಾಲಿಯ ಹೆಸರಿದೆ, ಬಾಗಿಲ ಮೇಲೆ ಸಾಲಿಯ ಫೋನ್ ನಂಬರಿದೆ. ಪೇಂಟರ್ ಎದುರು ಬಂದರೆ ಬೇರೆ ಓಣಿ ಹಿಡಿಯುತ್ತಾನಂತೆ.

ಕೊಣ್ಣೂರಿನ ಸಾಲಿನಲ್ಲಿ ಮಧ್ಯಾಹ್ನ ದಾಟಿತು. ನೀರು ಇಳಿಯುವ ಲಕ್ಷಣ ಕಾಣಲಿಲ್ಲ. ಗಾಡಿಯ ಸಾವಕಾರರು ಫೋನ್ ಮಾಡಿ ನರಗುಂದಕ್ಕೆ ವಾಪಸ್ಸು ಹೋಗಿ ನಿಲ್ಲು ಎಂದರು. ಗದಗಿನ ಈ ಸಾವಕಾರರೂ ಈಗ ತಮ್ಮ ಗಾಡಿಗಳಿಗೆಲ್ಲ ಒಳಗೊಂದು ಕ್ಯಾಮೆರಾ ಹಾಕಿಸಿದ್ದಾರೆ. ಗಾಜಿನ ಮೇಲೆ ‘ಪ್ರಯಾಣಿಕರಿಗೆ ಅವಕಾಶವಿಲ್ಲ’ ಎಂದು ಅಂಟಿಸಿದ್ದಾರೆ. ಯಾರನ್ನೋ ಹತ್ತಿಸಿಕೊಂಡ ಎಂದು ಮೊನ್ನೆ ಮೊನ್ನೆ ಒಬ್ಬ ಡ್ರೈವರನ ಕೈಯಿಂದ ಕೀಲಿ ಕಸಿದುಕೊಂಡಿದ್ದಾರೆ. ಆ ರೋಗ ಸಮುದ್ರ ದಾಟಿ ಇಲ್ಲಿಗೂ ಬಂತು ಅಂದುಕೊಳ್ಳುತ್ತ ಗಾಡಿ ತಿರುಗಿಸಿದೆ.

ಹಿಂದಿನ ಬಸ್ಸು ಕೆಟ್ಟು ನಿಂತಿತ್ತು. ಅದರಿಂದ ಇಳಿದ ಮೂವರು ಹೆಂಗಸರು ರಸ್ತೆಯ ಬದಿಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ನಿಂತಿದ್ದರು. ಒಬ್ಬಳ ಬಗಲಲ್ಲಿ ಕೂಸು. ನನಗಿಂತ ಮೊದಲು ತಿರುಗಿದ ಸಿಮೆಂಟಿನ ಲಾರಿಗೆ ಅವರು ಕೈ ಮಾಡಿದರು. ಅದು ಅವರ ಮೈಮೇಲೆ ಕೆಸರು ಹಾರಿಸಿಕೊಂಡು ಹೋಯಿತು. ಆಮೇಲೆ ನನಗೆ ಕೈ ಮಾಡಿದರು. ಒದ್ದೆಯಾದ ಎರೆ ಹೊಲ, ಮರವಿಲ್ಲದ ಬಯಲು. ನಿಲ್ಲಿಸಿದೆ.

“ನರಗುಂದ ಮಟಾ ಬಿಡೋ ಯಪ್ಪಾ. ಕೂಸು ತೊಯ್ಸಿಕೊಂಡೈತಿ,” ಎಂದಳು ಹಿರಿಯಳು.

“ಹತ್ತ್ರಬೇ, ಲಗೂ ಹತ್ರಿ.”

ಹೆಗಲ ಮೇಲಿನ ಟವೆಲ್ ತೆಗೆದೆ. ಕ್ಯಾಮೆರಾದ ಕೆಂಪು ಚುಕ್ಕೆ ನನ್ನನ್ನೇ ನೋಡುತ್ತಿತ್ತು. ಅದರ ಮೇಲೆ ಹಾಕಲು ಕೈ ಎತ್ತಿದವನು ಕೈ ಇಳಿಸಿ, ಟವೆಲ್ಲನ್ನು ಕೂಸಿನ ತಾಯಿಗೆ ಕೊಟ್ಟೆ. ಆಕೆ ಕೂಸಿನ ತಲೆ ಒರೆಸತೊಡಗಿದಳು. ತೊಯ್ದ ಸೀರೆ, ಎಲೆಯಡಿಕೆ, ಕೂಸಿನ ಹಾಲಿನ ನಾತ ಕ್ಯಾಬಿನ್ನಿನ ತುಂಬ ತುಂಬಿಕೊಂಡಿತು. ಬೆಳಗಿನಿಂದ ಮೂಗಿನಲ್ಲಿ ಕುಳಿತಿದ್ದ ಬಾಟಲಿಯ ನಾತ ಹೋಯಿತು. ಒಂದು ಮೈಲಿ ಹೋಗಿರಲಿಲ್ಲ, ಫೋನ್ ಬಡಿದುಕೊಂಡಿತು.

“ಈರಪ್ಪಾ, ಗಾಡ್ಯಾಗ ಏನ್ ಹೇರ್ಕೊಂಡಿ?” ಸಾವಕಾರರ ದನಿ ಬಿಗಿಯಾಗಿತ್ತು. “ಒಳಗ ಯಾರರ ಅದಾರೇನು?”

“ಅದಾರ್ರಿ ಸಾವಕಾರ್ರ,” ಎಂದೆ. “ನಾಕ್ ಮಂದಿ ಅದಾರ. ನಾಕೂ ಮಂದಿ ಉಸರಾಡಾಕತ್ತಾರ್ರಿ.”